ಅಬ್ಬ ಮತ್ತೆ ಕೇಳಲಿಲ್ಲ

ಆ ಚಕ್ರವನ್ನು ನೀವೂ ನೋಡಿರುತ್ತೀರಿ. ಟಿವಿಯಲ್ಲಿ ಏನೋ ನೋಡುತ್ತಾ ಕುಳಿತಿರುತ್ತೀರಿ. ಇದ್ದಕ್ಕಿದ್ದಂತೆ ಚಿತ್ರ ನಿಂತುಬಿಡುತ್ತದೆ. ಪರದೆಯ ನಡುವೆ ಒಂದು ಸಣ್ಣ ಚಕ್ರ ಸುತ್ತಲು ಶುರುವಾಗುತ್ತದೆ. ಕೆಲವೊಮ್ಮೆ ಚಕ್ರವೂ ಇರುವುದಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಕೆಳಗೆ ಅಕ್ಷರ ಮತ್ತು ಅಂಕೆಗಳ ಒಂದು ಕೋಡ್. ನಾವು ರಿಮೋಟನ್ನು ನಾಲ್ಕು ಸಲ ಒತ್ತುತ್ತೇವೆ, ಗೊಣಗುತ್ತೇವೆ, ಮಕ್ಕಳನ್ನು ಕರೆಯುತ್ತೇವೆ. ಅವರು ಬಂದು ಏನೋ ಮಾಡುತ್ತಾರೆ, ಸರಿಯಾಗುತ್ತದೆ. ಏನು ಮಾಡಿದರೆಂದು ನಾವು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ.

ಇದೂ ಒಂದು ಬರೆಯುವ ವಿಷಯವೇ ಎಂದು ನಿಮಗೆ ಅನಿಸಬಹುದು. ನನಗೂ ಹಾಗೆಯೇ ಅನಿಸುತ್ತಿತ್ತು. ಆದರೆ 2023ರ ಮಳೆಗಾಲದಲ್ಲಿ ಇಂಥದೇ ಒಂದು ಕಪ್ಪು ಪರದೆಯಿಂದಾಗಿ ನಮ್ಮ ಮನೆಯಲ್ಲಿ ಹದಿನಾಲ್ಕು ಸಾವಿರದಷ್ಟು ಹಣ ಹೋಯಿತು. ಹಣಕ್ಕಿಂತಲೂ ದೊಡ್ಡದೊಂದು ಕಳೆದುಹೋಗುವುದರಲ್ಲಿತ್ತು. ಅದನ್ನು ನಿಮ್ಮಲ್ಲಿ ಹೇಳಿಕೊಳ್ಳಲೆಂದೇ ಬರೆಯುತ್ತಿದ್ದೇನೆ.

ಉಮ್ಮ ತೀರಿಕೊಂಡ ಬಳಿಕ ಅಬ್ಬ ನಮ್ಮ ಜೊತೆಗೇ ಇದ್ದಾರೆ. ಪುತ್ತೂರಿನ ಆಸುಪಾಸಿನ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮಾಸ್ಟ್ರಾಗಿದ್ದವರು. ವಿಜ್ಞಾನ ಮತ್ತು ಭೂಗೋಳ ಅವರ ಪ್ರೀತಿಯ ಪಾಠಗಳು. ಕಪ್ಪು ಹಲಗೆಯ ಮೇಲೆ ಬಣ್ಣದ ಚಾಕಿನಿಂದ ಜ್ವಾಲಾಮುಖಿಯನ್ನೂ ಹಿಮನದಿಯನ್ನೂ ಬಿಡಿಸುತ್ತಿದ್ದರೆಂದು ಅವರಲ್ಲಿ ಕಲಿತವರು ಈಗಲೂ ನೆನಪಿಸುತ್ತಾರೆ. ಅವುಗಳನ್ನು ಅಬ್ಬ ಕಣ್ಣಾರೆ ಕಂಡವರಲ್ಲ. ಪುಸ್ತಕದಲ್ಲಿ ನೋಡಿದ್ದನ್ನೇ ಹಲಗೆಯ ಮೇಲೆ ಬಿಡಿಸುತ್ತಿದ್ದರು.

ಮೊಣಕಾಲು ನೋವಿನಿಂದ ಅವರು ಹೊರಗೆ ಹೋಗುವುದು ಕಡಿಮೆಯಾದಾಗ, ದಮ್ಮಾಮಿನಲ್ಲಿರುವ ನನ್ನ ತಮ್ಮ ರಜೆಯಲ್ಲಿ ಬರುವಾಗ ಒಂದು ಆಂಡ್ರಾಯ್ಡ್ ಬಾಕ್ಸ್ ತಂದು ಅವರ ಕೋಣೆಯ ಹಳೆಯ ಟಿವಿಗೆ ಜೋಡಿಸಿದ. ಇಲ್ಲಿಯೇ ಅವರ ಹೆಸರಲ್ಲಿ ಒಂದು ವೀಡಿಯೊ ಸೇವೆಗೆ ಚಂದಾ ಕಟ್ಟಿದ. ಅಂದಿನಿಂದ ಅಬ್ಬನ ಸಂಜೆಗಳೇ ಬದಲಾದವು. ಮಗ್ರಿಬ್ ನಮಾಝ್ ಮುಗಿಸಿ ಕುಳಿತರೆ ಹವಳದ ದಿಬ್ಬಗಳು, ಧ್ರುವ ಪ್ರದೇಶದ ಕರಡಿಗಳು, ಸಾವಿರಾರು ಮೈಲು ಹಾರುವ ಹಕ್ಕಿಗಳು. "ನೋಡು ಮಗಳೇ, ಹಿಮನದಿ ಹೀಗೆ ಮುರಿಯುವುದಂತೆ. ನಾನು ಮಕ್ಕಳಿಗೆ ತಪ್ಪು ಬಿಡಿಸಿ ತೋರಿಸಿದ್ದೆ" ಎಂದು ಒಮ್ಮೆ ನಕ್ಕಿದ್ದರು.

ಜೂನ್ ತಿಂಗಳಲ್ಲಿ ತೊಂದರೆ ಶುರುವಾಯಿತು. ಹತ್ತು ನಿಮಿಷ ಓಡುವುದು, ನಿಲ್ಲುವುದು, ಚಕ್ರ ಸುತ್ತುವುದು. ಅಬ್ಬ ಅಡುಗೆಮನೆಯ ಬಾಗಿಲಿಗೆ ಬಂದು ಕರೆಯುವರು. ನಾನು ಕೈ ಒರೆಸಿಕೊಂಡು ಹೋಗಿ ರೂಟರಿನ ಸ್ವಿಚ್ ಆರಿಸಿ ಹಾಕುವೆ. ಸ್ವಲ್ಪ ಹೊತ್ತು ಸರಿಯಾಗುವುದು. ಮರುದಿನ ಮತ್ತೆ ಅದೇ. ಮೂರನೆಯ ಸಂಜೆ ಮನೆಯಲ್ಲಿ ನೆಂಟರಿದ್ದರು, ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. ಅಬ್ಬ ಬಂದು "ಪುನಃ ನಿಂತಿತು ಮಗಳೇ" ಎಂದರು. ನನ್ನ ಬಾಯಿಂದ ಬಂದ ಮಾತನ್ನು ಇಂದಿಗೂ ಮರೆಯಲಾರೆ.

"ಓಡದಿದ್ದರೆ ಬಿಟ್ಟುಬಿಡಿ ಅಬ್ಬಾ. ಈ ಪ್ರಾಯದಲ್ಲಿ ನಿಮಗೆ ಇದೆಲ್ಲ ಯಾಕೆ?"

ಅವರು ಏನೂ ಹೇಳಲಿಲ್ಲ. ತಿರುಗಿ ಕೋಣೆಗೆ ಹೋದರು. ರಾತ್ರಿ ಊಟಕ್ಕೆ ಎಂದಿನಂತೆಯೇ ಬಂದು ಕುಳಿತರು. ನಾನು ಆ ಮಾತನ್ನು ಅಲ್ಲಿಗೇ ಮರೆತೆ. ಅವರು ಮರೆತಿರಲಿಲ್ಲ.

ಅದೇ ವಾರ ಗಾಳಿ ಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಸಿಡಿಲಿನ ಭಯಕ್ಕೆ ಟಿವಿ, ಬಾಕ್ಸ್, ರೂಟರ್ ಎಲ್ಲದರ ಪ್ಲಗ್ಗನ್ನೂ ತೆಗೆದಿಟ್ಟಿದ್ದೆವು. ಕರೆಂಟ್ ಬಂದ ದಿನ ಅಬ್ಬ ಟಿವಿ ಹಾಕಿದರೆ ಚಕ್ರವೂ ಇಲ್ಲ, ಚಿತ್ರವೂ ಇಲ್ಲ. ಕಪ್ಪು ಪರದೆ ಮತ್ತು ಒಂದು ಕೋಡ್. ಈ ಸಲ ಅವರು ನನ್ನನ್ನು ಕರೆಯಲಿಲ್ಲ.

ಮೊಬೈಲಿನಲ್ಲಿ ಆ ಸೇವೆಯ ಹೆಸರನ್ನೂ 'ಕಸ್ಟಮರ್ ಕೇರ್' ಎಂಬ ಪದವನ್ನೂ ಹಾಕಿ ಹುಡುಕಿದರು. ಒಂದು ನಂಬರ್ ಸಿಕ್ಕಿತು. ಕರೆ ಸ್ವೀಕರಿಸಿದವನದ್ದು ಬಹಳ ಮರ್ಯಾದೆಯ ಮಾತು. ಪ್ರತಿ ಮಾತಿಗೂ "ಸರ್, ಸರ್". ನಿಮ್ಮ ಖಾತೆ ಲಾಕ್ ಆಗಿದೆ, ಐದು ರೂಪಾಯಿ ಕಟ್ಟಿದರೆ ತೆರೆಯುತ್ತದೆ, ನಾನೇ ನಿಮಗೆ ಸಹಾಯ ಮಾಡುತ್ತೇನೆ ಎಂದ. ಒಂದು ಆ್ಯಪ್ ಹಾಕಿಸಿದ. ಅದರಲ್ಲಿ ಬಂದ ಅಂಕೆಗಳನ್ನು ಓದಿ ಹೇಳಿಸಿಕೊಂಡ. ಅದು ನಮ್ಮ ಮೊಬೈಲ್ ಪರದೆಯನ್ನು ದೂರದಲ್ಲಿ ಕುಳಿತವನಿಗೆ ತೋರಿಸುವ ಆ್ಯಪ್ ಎಂಬುದು ಅಬ್ಬನಿಗೆ ತಿಳಿದಿರಲಿಲ್ಲ. ಐದು ರೂಪಾಯಿ ಕಟ್ಟಲು ಅವರು ಒತ್ತಿದ ಗುಪ್ತ ಸಂಖ್ಯೆಯನ್ನು ಆತ ನೋಡಿಕೊಂಡ.

"ಮಗಳೇ, ಬ್ಯಾಂಕಿನಿಂದ ಮೆಸೇಜ್ ಬಂದಿದೆ, ಓದು ನೋಡು" ಎಂದು ಅವರು ಕರೆದಾಗ 9,500 ರೂಪಾಯಿ ಹೋಗಿತ್ತು. ನಾನು ಓದುತ್ತಿರುವಾಗಲೇ ಇನ್ನೊಂದು 4,800. ಕೈಕಾಲು ನಡುಗಿತು. ಮೊದಲು ಮೊಬೈಲಿನ ಇಂಟರ್‌ನೆಟ್ ಆರಿಸಿದೆ. ನನ್ನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯನ್ನು ತಡೆಹಿಡಿಸಿದೆ. ಆ ಬಳಿಕ 1930ಕ್ಕೆ ಕರೆ ಮಾಡಿದೆ. ಸೈಬರ್ ವಂಚನೆಗೊಳಗಾದವರು ದೂರು ನೀಡಬೇಕಾದ ದೇಶದ ಸಹಾಯವಾಣಿ ಇದು. ಈ ನಂಬರನ್ನು ದಯವಿಟ್ಟು ಈಗಲೇ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿ ಹೋಗುವ ಮೊದಲೇ ತಡೆಯಬೇಕಾದ್ದರಿಂದ ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ನಮ್ಮ ಹಣದಲ್ಲಿ ಒಂದು ಭಾಗ ಕೆಲವು ತಿಂಗಳ ಬಳಿಕ ಹಿಂದಕ್ಕೆ ಬಂತು. ಉಳಿದದ್ದು ಬರಲಿಲ್ಲ.

ಆ ರಾತ್ರಿ ನಾನು ಅಬ್ಬನ ಬಳಿ ಕುಳಿತು, "ನನ್ನನ್ನು ಒಮ್ಮೆ ಕರೆಯಬಾರದಿತ್ತೇ?" ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಹೇಳಿದರು:

"ನಿನಗೆ ನೂರು ಕೆಲಸ. ಆತ ಬೇಸರವಿಲ್ಲದೆ ಮಾತಾಡಿದ."

ಓದುಗರೇ, ಆ ಮಾತು ಕೇಳಿದಾಗ ನನಗೆ ಹೇಗಾಗಿರಬೇಕು, ನೀವೇ ಯೋಚಿಸಿ. ನಮ್ಮ ಮನೆಯೊಳಗೆ ಕಳ್ಳ ಬಂದದ್ದು ನಾನು ಮುಚ್ಚಿದ ಬಾಗಿಲಿನಿಂದ. ತಾಳ್ಮೆಯಿಂದ ಎರಡು ಮಾತಾಡುವುದನ್ನು ಅವನು ಬಲ್ಲವನಾಗಿದ್ದ. ಮೂವತ್ತು ವರ್ಷ ಮಕ್ಕಳ ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರಿಸಿದ ಮನುಷ್ಯ ತನ್ನ ಒಂದು ಪ್ರಶ್ನೆಯನ್ನು ನಾಲ್ಕನೆಯ ಸಲ ಕೇಳಲು ಸ್ವಂತ ಮಗಳ ಮುಂದೆ ಹಿಂಜರಿದಿದ್ದರು.

ಮರುದಿನ ಅಬ್ಬ ಬಾಕ್ಸನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. "ನನಗೆ ಬೇಡ" ಎಂದರು. ನಾನು ಬಿಡಲಿಲ್ಲ. ಆ ಭಾನುವಾರ ಪಿಯುಸಿ ಓದುವ ನನ್ನ ಮಗನನ್ನೂ ಕೂರಿಸಿಕೊಂಡು, ಬಾಕ್ಸನ್ನು ಪುನಃ ಜೋಡಿಸಿ, "ಅಬ್ಬಾ, ಇದರ ರೋಗ ಏನೆಂದು ನಾವೇ ಹುಡುಕೋಣ" ಎಂದೆ. ನನಗೂ ಅಷ್ಟೇನೂ ತಿಳಿದಿರಲಿಲ್ಲ. ಮಗ ಎಂದಿನಂತೆ ರಿಮೋಟ್ ಹಿಡಿದು ಸಿಕ್ಕ ಸಿಕ್ಕಲ್ಲಿ ಒತ್ತಲು ಹೊರಟಾಗ ಅಬ್ಬ ತಡೆದರು.

"ನಿಲ್ಲು. ಟಾರ್ಚ್ ಉರಿಯದಿದ್ದರೆ ಏನು ಮಾಡುತ್ತೀ? ಬಲ್ಬನ್ನು ಬೇರೆ ಟಾರ್ಚಿಗೆ ಹಾಕಿ ನೋಡುತ್ತೀ. ಬ್ಯಾಟರಿಯನ್ನು ಬದಲಿಸಿ ನೋಡುತ್ತೀ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹೇಳು, ಈ ವೀಡಿಯೊ ಎಲ್ಲಿಂದ ಎಲ್ಲಿಗೆ, ಹೇಗೆ ಬರುತ್ತದೆ?"

ನಮ್ಮ ಮನೆಯಲ್ಲಿ ಮತ್ತೆ ತರಗತಿ ಶುರುವಾಗಿತ್ತು.

ಮಗ ವಿವರಿಸಿದ. ನಾವು ನೋಡುವ ವೀಡಿಯೊ ಇಡಿಯಾಗಿ ಬರುವುದಿಲ್ಲ. ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಮುಂದಿನ ಕೆಲವು ತುಂಡುಗಳನ್ನು ಬಾಕ್ಸ್ ಮೊದಲೇ ತರಿಸಿ ಇಟ್ಟುಕೊಳ್ಳುತ್ತದೆ. ಬಾವಿಯಿಂದ ಟ್ಯಾಂಕಿಗೆ ನೀರು ತುಂಬಿಸಿ ನಳ್ಳಿಯಲ್ಲಿ ಬಿಡುವ ಹಾಗೆ. ನೀರು ಬರುವುದಕ್ಕಿಂತ ಬೇಗ ಟ್ಯಾಂಕ್ ಖಾಲಿಯಾದರೆ ನಳ್ಳಿ ನಿಲ್ಲುತ್ತದೆ, ಚಕ್ರ ಸುತ್ತುತ್ತದೆ. ಒಂದೇ ವೀಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ಇಂಟರ್‌ನೆಟ್ ನಿಧಾನವಾದರೆ ಕಡಿಮೆ ಗುಣಮಟ್ಟದ ತುಂಡು ಬರುತ್ತದೆ. ಚಿತ್ರ ಕೆಲವೊಮ್ಮೆ ಮಸುಕಾಗುವುದು ಅದಕ್ಕೇ. ಸಾಧಾರಣ ಎಚ್‌ಡಿ ಚಿತ್ರಕ್ಕೆ ಸುಮಾರು 3 ರಿಂದ 5 ಎಂಬಿಪಿಎಸ್ ವೇಗ ಸಾಕು. 4ಕೆ ಎಂಬ ಅತಿ ಸ್ಪಷ್ಟ ಚಿತ್ರಕ್ಕೆ 15 ಅಥವಾ ಹೆಚ್ಚು ಬೇಕು.

"ಹಾಗಾದರೆ ತೊಂದರೆ ಐದು ಕಡೆ ಇರಬಹುದು" ಎಂದು ಅಬ್ಬ ಬೆರಳು ಮಡಚಿದರು. "ಅವರ ಕಡೆ, ನಮ್ಮ ಚಂದಾ ಖಾತೆಯಲ್ಲಿ, ಮನೆಗೆ ಬರುವ ಲೈನಿನಲ್ಲಿ, ರೂಟರಿನಿಂದ ಈ ಕೋಣೆಗೆ ಬರುವ ದಾರಿಯಲ್ಲಿ, ಅಥವಾ ಈ ಬಾಕ್ಸಿನಲ್ಲಿ."

ಅದೇ ವೈಫೈಗೆ ಜೋಡಿಸಿದ ಮೊಬೈಲಿನಲ್ಲಿ, ಅದೇ ಕೋಣೆಯಲ್ಲಿ ಕುಳಿತು, ಅದೇ ಖಾತೆಯಿಂದ ಅದೇ ಚಿತ್ರವನ್ನು ಹಾಕಿ ನೋಡಿದೆವು. ಓಡಿತು! ಒಂದೇ ಪ್ರಯೋಗದಲ್ಲಿ ನಾಲ್ಕು ಬೆರಳುಗಳು ಬಿಟ್ಟುಹೋದವು. ಸೇವೆ ಸರಿಯಿದೆ, ಖಾತೆ ಸರಿಯಿದೆ, ಲೈನ್ ಸರಿಯಿದೆ, ವೈಫೈ ಕೋಣೆಯವರೆಗೆ ಬರುತ್ತಿದೆ. ಖಾತೆ ಲಾಕ್ ಆಗಿದೆ ಎಂದಿದ್ದ ಆ 'ಸರ್ ಸರ್' ಮನುಷ್ಯನ ಮಾತು ಹಸಿ ಸುಳ್ಳು ಎಂಬುದೂ ತಿಳಿಯಿತು.

ಉಳಿದದ್ದು ಬಾಕ್ಸ್. ಮಗ ಅದರ ಸೆಟ್ಟಿಂಗ್ಸ್ ತೆರೆದ. ಒಂದೊಂದಾಗಿ ನೋಡುತ್ತಾ ಹೋಗುವಾಗ ಅಬ್ಬ ಕನ್ನಡಕ ಸರಿಪಡಿಸಿಕೊಂಡು ಹೇಳಿದರು: "ಇದೇನು, ಇದರಲ್ಲಿ ಜನವರಿ ಎಂದಿದೆ? ಹೊರಗೆ ಮಳೆ ಸುರಿಯುತ್ತಿದೆಯಲ್ಲ!"

ಜನವರಿ ಮಾತ್ರವಲ್ಲ, ಇಸವಿ 2015 ಎಂದಿತ್ತು. ಅದೇ ರೋಗ.

ದಿನಾಂಕ ತಪ್ಪಿದರೆ ವೀಡಿಯೊ ಯಾಕೆ ನಿಲ್ಲಬೇಕು? ಬಾಕ್ಸ್ ಯಾವುದೇ ಸರ್ವರಿನ ಜೊತೆ ಮಾತಾಡುವ ಮೊದಲು ಅದರ ಗುರುತುಪತ್ರ ಕೇಳುತ್ತದೆ. ನಮ್ಮ ಡ್ರೈವಿಂಗ್ ಲೈಸೆನ್ಸಿನ ಹಾಗೆ ಆ ಪತ್ರಕ್ಕೂ ಶುರುವಾಗುವ ದಿನ, ಮುಗಿಯುವ ದಿನ ಇರುತ್ತದೆ. 2023ರಲ್ಲಿ ಕೊಟ್ಟ ಪತ್ರವನ್ನು 2015ರಲ್ಲಿ ಕುಳಿತು ನೋಡಿದರೆ ಅದಿನ್ನೂ ಶುರುವೇ ಆಗಿಲ್ಲ. ಹಾಗಾಗಿ ಬಾಕ್ಸ್ ಅದನ್ನು ನಂಬದೆ ಬಾಗಿಲು ಹಾಕಿಕೊಳ್ಳುತ್ತದೆ. ವೈಫೈ ಗುರುತು ತುಂಬಿಯೇ ಇರುತ್ತದೆ, ಆದರೆ ಏನೂ ಓಡುವುದಿಲ್ಲ.

ಇಂಥ ಬಾಕ್ಸುಗಳಲ್ಲಿ ಹಲವಕ್ಕೆ ಗಡಿಯಾರವನ್ನು ಕಾಯುವ ಬ್ಯಾಟರಿ ಇರುವುದಿಲ್ಲ. ಪ್ಲಗ್ ತೆಗೆದರೆ ಸಮಯ ಮರೆತುಹೋಗುತ್ತದೆ. ಪುನಃ ಹಾಕಿದಾಗ ಇಂಟರ್‌ನೆಟ್ಟಿನಿಂದ ತಾನಾಗಿ ಸಮಯ ಪಡೆಯುತ್ತದೆ. ಆದರೆ ನನ್ನ ತಮ್ಮ ಸೌದಿಯಿಂದ ತಂದಾಗ ಅದು ಅಲ್ಲಿನ ಸಮಯವನ್ನು, ಅಂದರೆ ನಮಗಿಂತ ಎರಡೂವರೆ ಗಂಟೆ ಹಿಂದಿನದನ್ನು ತೋರಿಸುತ್ತಿತ್ತು. ಅವನು ಭಾರತದ ಕಾಲವಲಯವನ್ನು ಆರಿಸುವ ಬದಲು, ತಾನಾಗಿ ಸಮಯ ಪಡೆಯುವುದನ್ನೇ ನಿಲ್ಲಿಸಿ ಕೈಯಲ್ಲಿ ಸಮಯ ಹಾಕಿದ್ದ. ಅಬ್ಬನೇ ರಿಮೋಟ್ ಹಿಡಿದು ಅದನ್ನು ಸರಿಪಡಿಸಿದರು. ಪರದೆಯ ಮೇಲೆ ನೀಲಿ ಕಡಲು ಮೂಡಿತು.

ಮೊದಲಿನ ಚಕ್ರದ ತೊಂದರೆಗೂ ಕಾರಣ ಸಿಕ್ಕಿತು. ರೂಟರ್ ಚಾವಡಿಯಲ್ಲಿ, ಅಬ್ಬನ ಕೋಣೆ ಹಿಂದೆ. ನಡುವೆ ಕೆಂಪು ಕಲ್ಲಿನ ಎರಡು ದಪ್ಪ ಗೋಡೆಗಳು. ಈಗಿನ ಹೆಚ್ಚಿನ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ವೈಫೈ ಕೊಡುತ್ತವೆ. 5ರದ್ದು ವೇಗ ಹೆಚ್ಚು, ಆದರೆ ಗೋಡೆ ದಾಟುವಾಗ ಸೊರಗುತ್ತದೆ. 2.4ರದ್ದು ವೇಗ ಕಡಿಮೆಯಾದರೂ ದೂರ ತಲುಪುತ್ತದೆ. ಬಾಕ್ಸನ್ನು 2.4ಕ್ಕೆ ಜೋಡಿಸಿ, ಶೂ ಸ್ಟ್ಯಾಂಡಿನ ಹಿಂದೆ ಬಿದ್ದಿದ್ದ ರೂಟರನ್ನು ಎತ್ತರದ ಶೆಲ್ಫಿನಲ್ಲಿಟ್ಟೆವು. ಮೂರು ಸಂಜೆ ನಾನು ಗೊಣಗಿದ್ದ ತೊಂದರೆ ಹತ್ತು ನಿಮಿಷದಲ್ಲಿ ಮುಗಿಯಿತು.

ಅಂದು ಸಂಜೆ ಅಬ್ಬ ಒಂದು ಹಳೆಯ ನೋಟ್‌ಬುಕ್ ತೆಗೆದು, ತಮ್ಮ ದುಂಡಗಿನ ಅಕ್ಷರದಲ್ಲಿ ಎಲ್ಲವನ್ನೂ ಬರೆದಿಟ್ಟರು. ನಿಮಗೂ ಉಪಯೋಗವಾಗಬಹುದೆಂದು ಅದರ ಸಾರವನ್ನು ಕೊಡುತ್ತಿದ್ದೇನೆ.

1. ಮೊದಲು ಪರದೆಯಲ್ಲಿ ಏನಿದೆ ಎಂದು ಓದಬೇಕು. ಕೋಡ್ ಇದ್ದರೆ ಬರೆದುಕೊಳ್ಳಬೇಕು. ಅದರ ಅರ್ಥವನ್ನು ಆ ಸೇವೆಯ ಆ್ಯಪಿನೊಳಗಿನ ಸಹಾಯ ವಿಭಾಗದಲ್ಲೇ ನೋಡಬೇಕು.

2. ಒಂದೇ ಚಿತ್ರ ಓಡುತ್ತಿಲ್ಲವೇ, ಯಾವುದೂ ಓಡುತ್ತಿಲ್ಲವೇ? ಒಂದು ಮಾತ್ರ ಆದರೆ ತೊಂದರೆ ಹೆಚ್ಚಾಗಿ ಅವರ ಕಡೆಯದು. ಕಾಯುವುದೇ ದಾರಿ.

3. ಮನೆಯ ವೈಫೈಯಲ್ಲಿ ಮೊಬೈಲಿನಲ್ಲಿ ಹಾಕಿ ನೋಡಬೇಕು. ಓಡಿದರೆ ಟಿವಿ ಅಥವಾ ಬಾಕ್ಸನ್ನು ಶಂಕಿಸಬೇಕು. ಓಡದಿದ್ದರೆ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಬೇಕು. ಆಗ ಓಡಿದರೆ ತೊಂದರೆ ಮನೆಯ ಇಂಟರ್‌ನೆಟ್ಟಿನದು. ಆಗಲೂ ಓಡದಿದ್ದರೆ ಸೇವೆಯದು ಅಥವಾ ಚಂದಾದ್ದು.

4. ಇಂಟರ್‌ನೆಟ್ಟಿನ ತೊಂದರೆಯಾದರೆ ರೂಟರನ್ನು ಅರ್ಧ ನಿಮಿಷ ಆರಿಸಿ ಹಾಕಿ, ಎರಡು ಮೂರು ನಿಮಿಷ ಕಾಯಬೇಕು. ತಿಂಗಳ ಡೇಟಾ ಮಿತಿ ಮುಗಿದರೆ ವೇಗ ಇಳಿಸುವ ಪ್ಲಾನುಗಳಿವೆ, ಅದನ್ನೂ ನೋಡಬೇಕು. ಎಚ್‌ಡಿ ಚಿತ್ರ ಒಂದು ಗಂಟೆ ಓಡಿದರೆ 3 ಜಿಬಿವರೆಗೂ ಖರ್ಚಾಗುತ್ತದೆ.

5. ಬಾಕ್ಸಿನ ತೊಂದರೆಯಾದರೆ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ ಹಾಕಬೇಕು. ರಿಮೋಟಿನಲ್ಲಿ ಆರಿಸಿದರೆ ಅದು ನಿದ್ರಿಸುತ್ತದೆ ಅಷ್ಟೇ. ಬಳಿಕ ದಿನಾಂಕ, ಆ ಬಳಿಕ ಆ್ಯಪಿನ ಅಪ್‌ಡೇಟ್, ಮತ್ತೆ ಕ್ಯಾಶೆ ಅಳಿಸುವುದು. ಕೊನೆಗೆ ಮಾತ್ರ ಆ್ಯಪ್ ತೆಗೆದು ಹೊಸದಾಗಿ ಹಾಕುವುದು. ಅದಕ್ಕೆ ಮುಂಚೆ ಪಾಸ್‌ವರ್ಡ್ ನೆನಪಿದೆಯೇ ಎಂದು ನೋಡಿಕೊಳ್ಳಬೇಕು.

6. ಸದ್ದು ಬಂದು ಚಿತ್ರ ಬಾರದಿದ್ದರೆ ಬಾಕ್ಸಿನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್ ತೆಗೆದು ಪುನಃ ಸಿಕ್ಕಿಸಿ ನೋಡಬೇಕು. ಚಿತ್ರವನ್ನು ನಕಲು ಮಾಡದಂತೆ ತಡೆಯುವ ರಕ್ಷಣೆ ಈ ಕೇಬಲಿನ ಮೂಲಕವೂ ನಡೆಯುತ್ತದೆ. ಅಲ್ಲಿ ತಪ್ಪಿದರೆ ಪರದೆ ಕಪ್ಪಾಗಬಹುದು.

7. ಹೆಚ್ಚು ಜನ ಒಂದೇ ಖಾತೆಯಲ್ಲಿ ಒಟ್ಟಿಗೆ ನೋಡುತ್ತಿದ್ದಾರೆಯೇ, ಚಂದಾ ಮುಗಿದಿದೆಯೇ ಎಂದು ನೋಡಬೇಕು. ತೀರಾ ಹಳೆಯ ಬಾಕ್ಸುಗಳಿಗೆ ಕಂಪೆನಿಗಳು ಬೆಂಬಲ ನಿಲ್ಲಿಸುವುದೂ ಇದೆ. ಆಗ ಯಾರೂ ಏನೂ ಮಾಡುವಂತಿಲ್ಲ.

ಎಂಟನೆಯದನ್ನು ಅಬ್ಬ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: 'ಹುಡುಕಿ ಸಿಕ್ಕ ನಂಬರಿಗೆ ಕರೆ ಮಾಡಬಾರದು. ಪರದೆ ತೋರಿಸುವ ಆ್ಯಪ್ ಹಾಕಬಾರದು. ಮನೆಯವರನ್ನು ಕೇಳಬೇಕು.'

ಆ ಕೊನೆಯ ವಾಕ್ಯವನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು. ಅದು ಅವರು ತಮಗಾಗಿ ಬರೆದುಕೊಂಡ ನಿಯಮ. ಆದರೆ ಅದನ್ನು ಪಾಲಿಸಲು ಸಾಧ್ಯವಾಗುವುದು ನನ್ನ ಕೈಯಲ್ಲಿದೆ. ಕೇಳಿದಾಗ ಮುಖ ಸಿಂಡರಿಸದ ಮನೆಯವರಿದ್ದರೆ ಮಾತ್ರವಲ್ಲವೇ ಹಿರಿಯರು ಮನೆಯವರನ್ನು ಕೇಳುವುದು?

ವಂಚಕರಿಗೆ ಬೇಕಾದದ್ದು ನಮ್ಮ ಅಜ್ಞಾನ ಎಂದು ನಾವು ತಿಳಿದಿದ್ದೇವೆ. ನನ್ನ ಅನುಭವದಲ್ಲಿ ಅವರಿಗೆ ಹೆಚ್ಚು ಉಪಕಾರವಾಗುವುದು ನಾಚಿಕೆ. ತಿಳಿಯದಿದ್ದುದನ್ನು ಮನೆಯಲ್ಲಿ ಕೇಳಲು ನಾಚಿಕೆ, ಮೋಸ ಹೋದ ಮೇಲೆ ಹೇಳಲು ನಾಚಿಕೆ. ಅಬ್ಬ ಆ ಬ್ಯಾಂಕಿನ ಮೆಸೇಜನ್ನು ನನಗೆ ತೋರಿಸದೆ ನುಂಗಿಕೊಂಡಿದ್ದರೆ ಖಾತೆಯಲ್ಲಿದ್ದ ಪಿಂಚಣಿಯ ಹಣವೆಲ್ಲ ಹೋಗುತ್ತಿತ್ತು. ಅವರು ಕರೆದದ್ದರಿಂದ ಉಳಿಯಿತು. ಅದಕ್ಕಾಗಿ ನಾನು ಅವರಿಗೆ ಬೈಯಲಿಲ್ಲ. ಬೈಯುವ ಹಕ್ಕು ನನಗಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಇಂದು ರಾತ್ರಿ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ರಿಮೋಟನ್ನು ನೀವು ಕಸಿದುಕೊಂಡು ಸರಿಪಡಿಸಬೇಡಿ. ಅದು ಅವರ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿರಿ. ಗುಂಡಿ ಹುಡುಕಲು ಅವರಿಗೆ ಸಮಯ ಹಿಡಿಯುತ್ತದೆ. ಹಿಡಿಯಲಿ. ನಮಗೆ ಅಕ್ಷರ ಕಲಿಸುವಾಗ ಅವರೂ ಕಾದಿದ್ದರಲ್ಲವೇ? ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಟಿವಿಯ ಪಕ್ಕ ಅಂಟಿಸಿ. ಅದರಲ್ಲಿ 1930 ಎಂಬ ಅಂಕೆಯೂ ಇರಲಿ.

ಅಬ್ಬನ ನೋಟ್‌ಬುಕ್ ಈಗ ಟಿವಿಯ ಕೆಳಗೇ ಇದೆ. ಕಳೆದ ವಾರ ಪಕ್ಕದ ಮನೆಯ ಅಜ್ಜಿ ತಮ್ಮ ಮೊಮ್ಮಗನನ್ನು ಕಳುಹಿಸಿದ್ದರು, ಅವರ ಟಿವಿಯಲ್ಲಿ ಏನೋ ಕೋಡ್ ಬರುತ್ತಿದೆಯಂತೆ. ಅಬ್ಬ ಕನ್ನಡಕ ಹಾಕಿಕೊಂಡು, ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು, ಊರುಗೋಲು ಹಿಡಿದು ಹೊರಟರು. ಹಿಂದೆ ಶಾಲೆಗೆ ಹೊರಡುತ್ತಿದ್ದುದೂ ಹೀಗೆಯೇ, ಊರುಗೋಲೊಂದನ್ನು ಬಿಟ್ಟು. ಅರ್ಧ ಗಂಟೆಯ ಬಳಿಕ ಹಿಂತಿರುಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಸರಿಯಾಯಿತೇ ಅಬ್ಬಾ?"

"ಇಲ್ಲ ಮಗಳೇ. ಐದನೆಯದರವರೆಗೆ ನೋಡಿದೆ. ನೀನು ಒಮ್ಮೆ ಬರುತ್ತೀಯಾ?"

ಒಲೆಯ ಮೇಲೆ ಅಂದೂ ಎರಡು ಪಾತ್ರೆಗಳಿದ್ದವು. ಬೆಂಕಿ ಆರಿಸಿ ಅವರ ಜೊತೆ ಹೊರಟೆ.